ಮಲೇರಿಯಾ ಎಂಬ ಮಾತಿನ ಅರ್ಥ

ನಾವು ಚಳಿಜ್ವರವೆನ್ನುವ ರೋಗಕ್ಕೆ ವೈದ್ಯರು ಮಲೇರಿಯಾ ಎನ್ನುವದನ್ನು ನೀವು ಬಲ್ಲಿರಿ. ಪೂರ್ವದಲ್ಲಿ ಮಲೆನಾಡಿನವರು ಇದರಿಂದ ಬಹಳ ಕಷ್ಟಪಟ್ಟದರಿಂದ ಈ ಮಾತು ನಮ್ಮ ಮಲೆ ಎಂಬ ಶಬ್ದದಿಂದ ಹುಟ್ಟಿತೋ ಎಂದು ಕೆಲವರು ಕೇಳಬಹುದು. ಹಾಗಲ್ಲ, ಇದು ಇತಾಲ್ಯ ದೇಶದ ಮಾತು. ಅಲ್ಲಿಯ ಭಾಷೆಯಲ್ಲಿ ಮಾಲ ಅಂದರೆ ಕೆಟ್ಟ, ಆರಿಯ ಅಂದರೆ ಗಾಳಿ.

ರೋಮಾಪುರದ ಸುತ್ತಲು ದೊಡ್ಡ ಜೌಗುನೆಲಗಳಿದ್ದವು. ಅವುಗಳಿಂದ ಏಳುವ ದುರ್ವಾಸನೆಯೇ ಜ್ವರಕ್ಕೆ ಕಾರಣವೆಂದು ಜನರು ಎಣಿಸಿ, ಹೊತ್ತು ಮುಳುಗಿದೊಡನೆ ಕಿಟಕಿಗಳನ್ನು ಮುಚ್ಚಿಕೊಳ್ಳುತ್ತಿದ್ದರು. ಇವರನ್ನು ನಾವು ಮೂಢರೆನ್ನಲಾರೆವು. ರೋಗದ ಸ್ಥಳವನ್ನೂ ಹೊತ್ತನ್ನೂ ಅವರು ಸರಿಯಾಗಿಯೇ ಕಂಡಿದ್ದರು. ಕಿಟಕಿ ಮುಚ್ಚಿದಾಗ ಗಾಳಿಯ ಸಂಗಡ ಸೊಳ್ಳೆಯೂ ಹೊರಗೆ ಉಳಿಯಿತು!

1880ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ವೈದ್ಯರು ಅಲ್ಜೀರಿಯ ದೇಶದಲ್ಲಿ ರೋಗಿಯ ರಕ್ತದೊಳಗೆ ಸೂಕ್ಷ್ಮವಾದ ಜೀವಿಯನ್ನು ಕಂಡರು. 1897ನೇ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಎಂಬವರು ಸಿಕಂದರಾಬಾದಿನಲ್ಲಿ, ರೋಗಿಯ ರಕ್ತವನ್ನು ಕುಡಿದ ಸೊಳ್ಳೆಯ ಹೊಟ್ಟೆಯಲ್ಲಿ ಆ ಜೀವಿಯ ಗುರುತನ್ನು ಕಂಡುಹಿಡಿದರು. ಮರುವರುಷ ಗ್ರಾಸಿ ಮೊದಲಾದ ಇತಾಲ್ಯ ಪಂಡಿತರು, ಮನುಷ್ಯರಿಗೆ ಈ ರೋಗವನ್ನು ತರುವದು ಅನಾಫಿಲಿಸ್ ಎಂಬ ಜಾತಿಯ ಸೊಳ್ಳೆಯೇ ಎಂದು ಸ್ಥಾಪಿಸಿದರು. ಹೆಸರನ್ನಿಟ್ಟ ದೇಶದವರೇ ಅದರ ತಪ್ಪನ್ನು ತೋರಿಸಿದರು. ಹೆಸರು ಮಾತ್ರ ಉಳಿಯಿತು.

ನಮ್ಮ ಗ್ರಾಮಗಳಲ್ಲಿ ಗಾಳಿ ಎಂಬ ಮಾತಿಗೆ ಬೇರೊಂದು ಅರ್ಥವುಂಟಷ್ಟೆ. ಜ್ವರದಿಂದ ನಡುಗಿ ಬಡಬಡಿಸುವವನನ್ನು ನೋಡಿ ಗಾಳಿ ಸೋಂಕಿತೆಂದು ಹೇಳಿ, ಮಂತ್ರವಾದಿಯನ್ನು ಕರೆದು ತಾಯಿತ ಕಟ್ಟಿಸುವರು. ಇತಾಲ್ಯರ ತಪ್ಪಿಗಿಂತ ಈ ತಪ್ಪು ಕೆಟ್ಟದ್ದು. ಈ ರೋಗದ ಒಂದು ಬಗೆಯು ಮೆದುಳಿಗೆ ಏರಿ ಕೆಲವೇ ದಿನಗಳಲ್ಲಿ ಕೊಲ್ಲುವದು. ತಾಯಿತಕ್ಕಾಗಿ ಕಳೆದ ಎರಡು ದಿನಗಳು ತಿರಿಗಿ ಸಿಕ್ಕುವದಿಲ್ಲ. ಚಳಿ ಬಂದ ದಿವಸವೇ ಆಸ್ಪತ್ರೆಗೆ ಹೋಗಿ ರಕ್ತವನ್ನು ಪರೀಕ್ಷಿಸಿಸತಕ್ಕದ್ದು. ಔಷಧವನ್ನು, ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸದೆ, ಹೇಳಿದಷ್ಟು ದಿವಸ ತೆಗೆದುಕೊಳ್ಳತಕ್ಕದ್ದು.

ಇನ್ನೊಂದು ಮಾತು. ಕೆಟ್ಟ ಗಾಳಿ ಎಂಬ ಹೆಸರನ್ನು ನಂಬಿ, ನಾತವಿಲ್ಲದ ಕಡೆ ಭಯವಿಲ್ಲವೆಂದು ತಿಳಿಯಬಾರದು. ಅನಾಫಿಲಿಸ್ ಸೊಳ್ಳೆಯು ಬಹುಮಟ್ಟಿಗೆ ಮೊಟ್ಟೆಯಿಡುವದು ಕೊಚ್ಚೆಯಲ್ಲಲ್ಲ, ತಿಳಿನೀರಿನಲ್ಲಿ: ಬಾವಿ, ತೊಟ್ಟಿ, ಹಳ್ಳದ ಅಂಚು, ಗದ್ದೆಯ ಕಾಲುವೆ ಇವೇ ಮೊದಲಾದವುಗಳಲ್ಲಿ. ಬೇರೆ ಸೊಳ್ಳೆಗಳ ಮರಿಹುಳಗಳು ನೀರಿನೊಳಗೆ ತಲೆಕೆಳಗಾಗಿ ತೂಗುವವು. ಇದರ ಮರಿಯು ನೀರಿನ ಮೇಲ್ಭಾಗಕ್ಕೆ ಸರಿಯಾಗಿ ಅಡ್ಡಲಾಗಿ ಮಲಗುವದು. ನಿಮ್ಮ ಮನೆಯ ತೊಟ್ಟಿಯಲ್ಲಿ ನೋಡಿರಿ.