ಗಾಳಿಯಂತ್ರದ ಹಿಂದೆ ಹುಣ್ಣಿಮೆ ಚಂದ್ರ: ದೂರ, ದಿಕ್ಕು, ಹೊತ್ತಿನ ಲೆಕ್ಕ

ಹುಣ್ಣಿಮೆ ಚಂದ್ರನ ಚಿತ್ರಕ್ಕೆ ಉದ್ದನೆಯ ಟೆಲಿಫೋಟೊ ಲೆನ್ಸ್ ಬೇಕೆಂಬುದು ನಿಜವಾದರೂ, ಚಿತ್ರದ ಗುಣವನ್ನು ಹೆಚ್ಚಾಗಿ ನಿರ್ಧರಿಸುವುದು ಛಾಯಾಗ್ರಾಹಕ ನಿಲ್ಲುವ ಜಾಗ ಮತ್ತು ಆರಿಸಿಕೊಳ್ಳುವ ಸಂಜೆ. ಭೂಮಿಯಿಂದ ನೋಡುವಾಗ ಚಂದ್ರಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ ಇರುವುದರಿಂದ, ಲೆನ್ಸಿನ ಸಂಗಮದೂರವನ್ನು 110ರಿಂದ ಭಾಗಿಸಿದರೆ ಸೆನ್ಸರ್, ಎಂದರೆ ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಫಲಕದ ಮೇಲೆ ಮೂಡುವ ಬಿಂಬದ ವ್ಯಾಸ ತಿಳಿಯುತ್ತದೆ. 400 ಮಿ.ಮೀ. ಲೆನ್ಸಿಗೆ ಅದು 3.6 ಮಿ.ಮೀ., 600 ಮಿ.ಮೀ. ಲೆನ್ಸಿಗೆ 5.5 ಮಿ.ಮೀ.; ಫುಲ್ ಫ್ರೇಮ್ ಸೆನ್ಸರ್‌ನ ಎತ್ತರ 24 ಮಿ.ಮೀ. ಇರುವಾಗ, ಚಂದ್ರನೊಬ್ಬನೇ ಚೌಕಟ್ಟನ್ನು ತುಂಬುವ ನಿರೀಕ್ಷೆ ಈ ಲೆನ್ಸುಗಳಿಂದ ಈಡೇರದು.

ಆದ್ದರಿಂದ ಚಂದ್ರನ ಮುಂದೆ ಏನನ್ನಾದರೂ ಇರಿಸುವುದೇ ಜಾಣತನ, ಅದಕ್ಕೂ 110ರ ಲೆಕ್ಕವೇ ನೆರವಾಗುತ್ತದೆ. ಯಾವುದೇ ವಸ್ತು ತನ್ನ ಅಳತೆಯ 110 ಪಟ್ಟು ದೂರದಲ್ಲಿದ್ದಾಗ ಚಂದ್ರನಷ್ಟೇ ಗಾತ್ರದ್ದಾಗಿ ಕಾಣುತ್ತದೆ. ಚಿತ್ರದುರ್ಗ ಸೀಮೆಯ ಜೋಗಿಮಟ್ಟಿ ಸಾಲಿನಲ್ಲೋ ಹೊಸದುರ್ಗದ ಗುಡ್ಡಗಳಲ್ಲೋ ತಿರುಗುವ ಗಾಳಿಯಂತ್ರದ ರೆಕ್ಕೆಗಳ ವೃತ್ತ 50 ಮೀಟರ್ ಎಂದಿಟ್ಟುಕೊಂಡರೆ, ಅದು ಬಿಂಬದೊಳಗೆ ಸರಿಯಾಗಿ ಕೂರಲು ಐದೂವರೆ ಕಿಲೋಮೀಟರ್ ಹಿಂದೆ ಸರಿಯಬೇಕು. ಹೊಳಲ್ಕೆರೆಯ ತೋಟದ ಅಡಿಕೆ ಮರದ ಮೂರು ಮೀಟರ್ ಅಗಲದ ತಲೆಗಾದರೆ 330 ಮೀಟರ್ ಸಾಕು. ಆದರೆ ಅಷ್ಟು ಸಮೀಪದ ಗರಿಯನ್ನು 600 ಮಿ.ಮೀ. ಲೆನ್ಸಿನಲ್ಲಿ ಫೋಕಸ್ ಮಾಡಿದರೆ ಹಿಂದಿನ ಚಂದ್ರ ತುಸು ಮಸುಕಾಗುತ್ತಾನೆ, ಅದನ್ನು ತಗ್ಗಿಸಲು ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯನ್ನು ಎಫ್/16ರವರೆಗೆ ಕಿರಿದಾಗಿಸಬೇಕಾಗುತ್ತದೆ. ಗಾಳಿಯಂತ್ರಕ್ಕೆ ಈ ತೊಡಕಿಲ್ಲ.

ಹುಣ್ಣಿಮೆ ಚಂದ್ರ ಸೂರ್ಯನಿಗೆ ಎದುರಾಗಿರುವುದರಿಂದ ಡಿಸೆಂಬರ್‌ನಲ್ಲಿ ಪೂರ್ವಕ್ಕಿಂತ ಉತ್ತರಕ್ಕೂ ಜೂನ್‌ನಲ್ಲಿ ದಕ್ಷಿಣಕ್ಕೂ ಸರಿದು ಹುಟ್ಟುತ್ತಾನೆ. ಹಿಂದಿನ ಬೇಸಿಗೆಯಲ್ಲಿ ಗುರುತಿಸಿಟ್ಟ ಜಾಗ ಚಳಿಗಾಲಕ್ಕೆ ಒದಗುವುದಿಲ್ಲ. ಚಿತ್ರದುರ್ಗದ ಕೋಟೆಬೆಟ್ಟ ಊರಿನ ಪಶ್ಚಿಮದ ಮಗ್ಗುಲಲ್ಲಿರುವ ಕಾರಣ, ಊರಿನ ಕಡೆಯಿಂದ ಕೋಟೆಯ ಬತೇರಿಯೊಡನೆ ಚಂದ್ರನನ್ನು ಹಿಡಿಯಲು ಬಯಸುವವರು ಸಂಜೆಯ ಬದಲು ಹುಣ್ಣಿಮೆ ರಾತ್ರಿ ಕಳೆದ ಮುಂಜಾವಿನ ಚಂದ್ರಾಸ್ತವನ್ನು ಕಾಯಬೇಕು. ಹಿರಿಯೂರು ತಾಲ್ಲೂಕಿನಲ್ಲಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ನೀರಿನ ಮೇಲೆ ಚಂದ್ರೋದಯ ಬೇಕೆಂದರೆ ಹಿನ್ನೀರಿನ ಪಶ್ಚಿಮ ದಡವೇ ಸೂಕ್ತ.

ದಿನದ ಆಯ್ಕೆಯಲ್ಲಿ ಕ್ಯಾಲೆಂಡರ್‌ನ ಹುಣ್ಣಿಮೆಯ ಗುರುತನ್ನೊಂದೇ ನಂಬುವುದು ಸರಿಯಲ್ಲ, ಏಕೆಂದರೆ ತಿಥಿ ಯಾವ ಹೊತ್ತಿನಲ್ಲಾದರೂ ಆರಂಭವಾಗಬಹುದು. ಚಂದ್ರೋದಯ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತ ಹೋಗುವುದರಿಂದ, ಚತುರ್ದಶಿ ಮತ್ತು ಹುಣ್ಣಿಮೆಗಳಲ್ಲಿ ಯಾವ ಸಂಜೆ ಚಂದ್ರ ಸೂರ್ಯಾಸ್ತಕ್ಕೆ ಹತ್ತರಿಂದ ಮೂವತ್ತು ನಿಮಿಷ ಮೊದಲು ಹುಟ್ಟುತ್ತಾನೋ ಆ ಸಂಜೆಯನ್ನೇ ಆರಿಸಬೇಕು. ಆಗ ನೆಲದ ಮೇಲೂ ಬೆಳಕು ಉಳಿದಿದ್ದು, ಗುಡ್ಡ ಕರಿಯ ಮುದ್ದೆಯಾಗುವುದಿಲ್ಲ. ಪಂಚಾಂಗದ ವೇಳೆ ಬಯಲಿನ ದಿಗಂತಕ್ಕೆ ಲೆಕ್ಕ ಹಾಕಿದ್ದು, ಎರಡು ಡಿಗ್ರಿ ಎತ್ತರದ ಗುಡ್ಡ ಅಡ್ಡವಿದ್ದರೆ ಇನ್ನೂ ಎಂಟು ಒಂಬತ್ತು ನಿಮಿಷ ಕಾಯಬೇಕಾಗುತ್ತದೆ.

ಗಾಳಿಯಂತ್ರಗಳನ್ನು ಈ ಸೀಮೆಗೆ ಕರೆತಂದ ಗಾಳಿಯೇ ಟ್ರೈಪಾಡ್‌ನ ಶತ್ರುವೂ ಹೌದು. ಮುಕ್ಕಾಲಿಯ ಕಾಲುಗಳನ್ನು ಗಿಡ್ಡವಾಗಿ, ಅಗಲವಾಗಿ ಊರಿ, ನಡುಗಂಬವನ್ನು ಏರಿಸದೆ, ಅದಕ್ಕೆ ಭಾರದ ಚೀಲವೊಂದನ್ನು ನೆಲಕ್ಕೆ ತಾಗುವಂತೆ ತೂಗುಹಾಕಬೇಕು. ಕೈನಡುಕವನ್ನು ಸರಿದೂಗಿಸುವ ಸ್ಟೆಬಿಲೈಸೇಷನ್ ಸೌಲಭ್ಯವನ್ನು ಮುಕ್ಕಾಲಿಯ ಮೇಲೆ ಸಾಮಾನ್ಯವಾಗಿ ಆಫ್ ಮಾಡಿ, ಗುಂಡಿ ಒತ್ತುವ ಅಲುಗಾಟ ತಟ್ಟದಂತೆ ಎರಡು ಸೆಕೆಂಡಿನ ಟೈಮರ್ ಬಳಸಬೇಕು. ಆಮೇಲೆ ಲೈವ್ ವ್ಯೂನಲ್ಲಿ, ಎಂದರೆ ಕ್ಯಾಮೆರಾದ ಪರದೆಯ ಮೇಲೆ, ಬಿಂಬದ ಅಂಚನ್ನು ಹತ್ತು ಪಟ್ಟು ಹಿಗ್ಗಿಸಿ, ಫೋಕಸ್ ಉಂಗುರವನ್ನು ಕೈಯಿಂದಲೇ ಹೊಂದಿಸುವುದು ಒಳ್ಳೆಯದು.

ಎಕ್ಸ್‌ಪೋಷರ್, ಅಂದರೆ ಸೆನ್ಸರ್‌ಗೆ ತಲುಪಬೇಕಾದ ಬೆಳಕಿನ ಪ್ರಮಾಣವನ್ನು ಕ್ಯಾಮೆರಾಕ್ಕೇ ಬಿಟ್ಟರೆ, ಅದು ಸುತ್ತಲಿನ ಕತ್ತಲನ್ನು ಲೆಕ್ಕಕ್ಕೆ ತೆಗೆದುಕೊಂಡು ಚಂದ್ರನನ್ನು ಬಿಳಿಯ ಬಿಲ್ಲೆಯಾಗಿಸುತ್ತದೆ. ಚಂದ್ರನೆಂದರೆ ಬಿಸಿಲಿಗೆ ಒಡ್ಡಿಕೊಂಡ ಬಂಡೆ ಎಂಬುದನ್ನು ನೆನಪಿಟ್ಟು, ಆತ ಮೇಲೇರಿದಾಗ ಎಫ್/11, ಐಎಸ್‌ಓ (ಬೆಳಕಿಗೆ ಸೆನ್ಸರ್ ತೋರುವ ಸಂವೇದನೆ) 100, ಶಟರ್ 1/100 ಸೆಕೆಂಡ್ ಎಂಬ ಅಳತೆಯಿಂದ ಆರಂಭಿಸಬಹುದು; ಎಫ್/8 ಮತ್ತು ಐಎಸ್‌ಓ 200ಕ್ಕೆ ಅದು 1/400 ಆಗುತ್ತದೆ. ದಿಗಂತದ ದಟ್ಟ ಗಾಳಿಯಲ್ಲಿ ಕೆಂಪಾಗಿ ಮಂಕಾದ ಚಂದ್ರನಿಗೆ ಎಂಟು ಪಟ್ಟಿನವರೆಗೂ ಹೆಚ್ಚು ಬೆಳಕು ಬೇಕಾಗಬಹುದು. ಹಾಗೆಂದು ಶಟರನ್ನು ತೀರಾ ನಿಧಾನಗೊಳಿಸುವಂತಿಲ್ಲ: ಎರಡು ನಿಮಿಷದಲ್ಲಿ ತನ್ನ ಅಗಲದಷ್ಟು ಸರಿಯುವ ಚಂದ್ರನ ಅಂಚು ಅರ್ಧ ಸೆಕೆಂಡಿನಲ್ಲೇ ಕದಡುತ್ತದೆ, ಗಾಳಿಯಂತ್ರದ ರೆಕ್ಕೆಯಂತೂ ಇನ್ನೂ ಬೇಗ. ಇಂಥಲ್ಲಿ ಐಎಸ್‌ಓ ಏರಿಸುವುದೇ ದಾರಿ.

ಬಿಂಬದ ವಿವರವಷ್ಟೇ ಬೇಕಾದವರು ಹಗಲೆಲ್ಲ ಕಾದ ನೆಲದ ಬಿಸಿಗಾಳಿಯ ಅಲುಗಾಟದಿಂದ ಚಂದ್ರ ಮೇಲೇರುವ ತನಕ, ರಾತ್ರಿ ಒಂಬತ್ತರವರೆಗೆ ತಡೆಯಬೇಕು; ಚಳಿಗಾಲದಲ್ಲಿ ನಡುರಾತ್ರಿಗೆ ಆತ ಇಲ್ಲಿ ನೆತ್ತಿಯ ಸಮೀಪ ಬರುವುದರಿಂದ, ಲೆನ್ಸನ್ನು ನೆಟ್ಟಗೆ ಮೇಲಕ್ಕೆ ತಿರುಗಿಸುವ ಪಾಡು ಬೇಡ. ಹುಣ್ಣಿಮೆಯಂದು ನೆರಳಿಲ್ಲದ ಕಾರಣ ಕುಳಿಗಳ ಆಳ ತೋರದು, ಅದಕ್ಕೆ ಅಷ್ಟಮಿಯ ಅರ್ಧಚಂದ್ರನೇ ಮೇಲು. ಹುಣ್ಣಿಮೆಯ ದಿನ ಎದ್ದು ಕಾಣುವುದು ಕಪ್ಪು ಬಯಲುಗಳು ಮತ್ತು ದಕ್ಷಿಣದ ಟೈಕೊ ಕುಳಿಯಿಂದ ಚೆಲ್ಲಿದ ಬಿಳಿಯ ಕಿರಣಗಳು. ಚಂದ್ರಯಾನ-3 ಇಳಿದ ತಾಣ ಟೈಕೊಗಿಂತಲೂ ದಕ್ಷಿಣಕ್ಕಿದೆ. ಉದಯದ ವೇಳೆ ಇಲ್ಲಿ ಚಂದ್ರನ ಉತ್ತರ ತುದಿ ಎಡಕ್ಕೆ ವಾಲಿರುವುದರಿಂದ ಟೈಕೊ ಬಲಗಡೆಗೂ, ಅಸ್ತದ ವೇಳೆ ಎಡಗಡೆಗೂ ಕಾಣುತ್ತದೆ. ಪುಸ್ತಕದ ನಕ್ಷೆಗೆ ಹೊಂದಲೆಂದು ಚಿತ್ರವನ್ನು ತಿರುಗಿಸುವ ಅಗತ್ಯವಿಲ್ಲ.