ಬಿಳಿಗಾರ, ಮರ ಮತ್ತು ಗೆದ್ದಲು

ಬಾಗಿಲವಾಡವೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಗಟ್ಟಿಮರದ ಧ್ವನಿಯೇ ಬೇರೆ, ಒಳಗೆ ಪೊಳ್ಳಾದ ಮರದ ಧ್ವನಿಯೇ ಬೇರೆ. ಹೊರಗೆ ಬಣ್ಣ ಮಾಸಿರುವುದಿಲ್ಲ, ಬಿರುಕೂ ಇರುವುದಿಲ್ಲ. ಆದರೆ ಹೆಬ್ಬೆರಳಿನಿಂದ ಒತ್ತಿದೊಡನೆ ಮೇಲ್ಪದರವು ಕಾಗದದಂತೆ ಕುಸಿದು ಒಳಗಿನಿಂದ ಮಣ್ಣು ಉದುರುತ್ತದೆ. ನಮ್ಮ ಊರಿನ ಮನೆಯ ಉಗ್ರಾಣದಲ್ಲಿ ಇಂತಹ ಒಂದು ಬಾಗಿಲವಾಡವನ್ನು ನಾವು ಕೀಳಿಸಬೇಕಾಯಿತು. ಅದು ಮಾವಿನ ಮರದ್ದು. ಕೂರಿಸುವ ದಿನ ಬಡಗಿಗಳು ನಮ್ಮೆದುರಿಗೇ ಬೋರೇಟಿನ ದ್ರಾವಣವನ್ನು ಕುಂಚದಿಂದ ಎರಡು ಸಲ ಬಳಿದಿದ್ದರು. ಔಷಧವು ಒಳ್ಳೆಯದೇ, ಬಡಗಿಗಳೂ ಪ್ರಾಮಾಣಿಕರೇ. ಹಾಗಾದರೆ ತಪ್ಪಿದ್ದೆಲ್ಲಿ? ಇದಕ್ಕೆ ಉತ್ತರವು ಕೀಟಶಾಸ್ತ್ರಕ್ಕಿಂತ ಹೆಚ್ಚಾಗಿ ಭೌತಶಾಸ್ತ್ರದಲ್ಲಿ ದೊರೆಯುತ್ತದೆ.

ಮೊದಲು ಗೆದ್ದಲಿನ ವಿಚಾರ. ಮರದ ಸೆಲ್ಯುಲೋಸನ್ನು ಅರಗಿಸಿಕೊಳ್ಳುವ ಕೆಲಸದಲ್ಲಿ ಗೆದ್ದಲಿಗೆ ಅದರ ಕರುಳಿನಲ್ಲಿ ನೆಲಸಿರುವ ಸೂಕ್ಷ್ಮಜೀವಿಗಳ ನೆರವು ಬೇಕು. ನಮ್ಮ ಹೊಲಗಳಲ್ಲಿ ಹುತ್ತ ಕಟ್ಟುವ ಜಾತಿಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಗಿದ ಮರದ ಮೇಲೆ ಒಂದು ಬಗೆಯ ಅಣಬೆಯನ್ನು ಬೆಳೆಸಿ ಅದರಿಂದ ಆಹಾರವನ್ನು ಪಡೆಯುತ್ತವೆ. ಬೋರಾನಿನ ಸಂಯುಕ್ತಗಳು ಕೀಟದ ಜೀವಕೋಶಗಳಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳಿಗೂ ಅದರ ಕರುಳಿನ ಜೀವಿಗಳಿಗೂ ಅಡ್ಡಿಯಾಗುತ್ತವೆ. ಆದರೆ ಈ ವಿಷವು ನಿಧಾನವಾದುದು. ಮೈಗೆ ತಾಗಿದರೆ ಸಾಲದು, ಕೀಟವು ಮರದೊಡನೆ ಅದನ್ನು ತಿನ್ನಬೇಕು. ವಾಸನೆಯಿಂದ ಗೆದ್ದಲನ್ನು ದೂರ ಅಟ್ಟುವ ಗುಣವೂ ಇದಕ್ಕೆ ಇಲ್ಲವೆನ್ನಬಹುದು. ಬೋರೇಟು ಬಳಿದ ಮರದ ಮೇಲೆಯೇ ಮಣ್ಣಿನ ಸುರಂಗವನ್ನು ಕಟ್ಟಿಕೊಂಡು ಅದು ಆಚೆಯ ತೊಲೆಗೆ ದಾಟಿಹೋಗುವುದುಂಟು. ಆದುದರಿಂದ ಔಷಧವು ಮರದ ಮೇಲಲ್ಲ, ಮರದೊಳಗೆ ಇರಬೇಕು.

ಬೋರೇಟು ನಮಗೆ ಹೊಸ ವಸ್ತುವೇನೂ ಅಲ್ಲ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೇ ಬೊರಾಕ್ಸ್. ಲಡಾಖಿನ ಪೂಗಾ ಕಣಿವೆಯಲ್ಲಿ ಅದರ ನಿಕ್ಷೇಪವಿದೆ. ಕೇರಂ ಹಲಗೆಯ ಮೇಲೆ ಎರಚುವ ಪುಡಿಯು ಅನೇಕ ವೇಳೆ ಬೋರಿಕ್ ಆಮ್ಲವಾಗಿರುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 100 ಗ್ರಾಂ ನೀರಿನಲ್ಲಿ ಇವೆರಡರಲ್ಲಿ ಯಾವುದನ್ನೇ ಹಾಕಿದರೂ ಸುಮಾರು 5 ಗ್ರಾಂ ಮಾತ್ರ ಕರಗುತ್ತದೆ. ವಿಚಿತ್ರವೆಂದರೆ, ಎರಡನ್ನೂ ಒಟ್ಟಿಗೆ ಹಾಕಿದರೆ ಹೆಚ್ಚು ಕರಗುತ್ತವೆ. ಬೊರಾಕ್ಸಿನ ಒಂದು ಅಣುವಿಗೆ ಬೋರಿಕ್ ಆಮ್ಲದ ನಾಲ್ಕು ಅಣುಗಳು ಸೇರಿ ಆಕ್ಟಾಬೋರೇಟ್ ಎಂಬ ಲವಣದ ಸಂಯೋಜನೆ ಒದಗುತ್ತದೆ. ಅಣುತೂಕಗಳಿಂದ ಲೆಕ್ಕಹಾಕಿದರೆ ಬೊರಾಕ್ಸು ಶೇಕಡ 60, ಆಮ್ಲ ಶೇಕಡ 40 ಎಂದು ಬರುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿ ನೋಡಬಹುದು.

ಇನ್ನು ಮರದೊಳಕ್ಕೆ ಹೋಗುವ ಬಗೆ. ಒಂದು ಲೋಟ ನಿಶ್ಚಲವಾದ ನೀರಿನ ತಳಕ್ಕೆ ಪೊಟಾಸಿಯಂ ಪರ್ಮಾಂಗನೇಟಿನ ಒಂದು ಹರಳನ್ನು ಬಿಟ್ಟರೆ ನೇರಳೆಯ ಬಣ್ಣವು ಕದಡದೆಯೇ ಮೆಲ್ಲಮೆಲ್ಲನೆ ಹರಡುತ್ತದೆ. ಸಾಂದ್ರತೆ ಹೆಚ್ಚಿರುವೆಡೆಯಿಂದ ಕಡಿಮೆಯಿರುವೆಡೆಗೆ ಅಣುಗಳು ಹೀಗೆ ಹಬ್ಬುವುದಕ್ಕೆ ವಿಸರಣವೆಂದು ಹೆಸರು. 1855ರಲ್ಲಿ ಜರ್ಮನಿಯ ಅಡಾಲ್ಫ್ ಫಿಕ್ ಎಂಬ ಶರೀರಶಾಸ್ತ್ರಜ್ಞನು, ಉಷ್ಣವಹನಕ್ಕೆ ಫೂರಿಯೇ ಕೊಟ್ಟಿದ್ದ ಗಣಿತವನ್ನೇ ಅನುಸರಿಸಿ ಇದರ ನಿಯಮವನ್ನು ಹೇಳಿದನು. ಅದರಿಂದ ಹೊರಡುವ ಒಂದು ಫಲಿತಾಂಶ ನಮಗೆ ಇಲ್ಲಿ ಮುಖ್ಯ: ವಿಸರಣಕ್ಕೆ ಬೇಕಾಗುವ ಕಾಲವು ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 1 ಸೆಂಟಿಮೀಟರ್ ಆಳಕ್ಕಿಳಿಯಲು ಒಂದು ವಾರ ಹಿಡಿಯುವುದೆಂದು ಭಾವಿಸಿದರೆ, 2 ಸೆಂಟಿಮೀಟರಿಗೆ ಎರಡು ವಾರವಲ್ಲ, ನಾಲ್ಕು ವಾರ. 3ಕ್ಕೆ ಒಂಬತ್ತು ವಾರ. ಎರಡು ಸಲ ಬಳಿದು ಸಂಜೆಗೇ ಬಣ್ಣ ಹಚ್ಚುವವರಿಗೆ ಈ ವರ್ಗದ ನಿಯಮದ ಪರಿಚಯವಿಲ್ಲ.

ಅದಕ್ಕಿಂತಲೂ ದೊಡ್ಡ ಅಡಚಣೆ ಇನ್ನೊಂದಿದೆ. ಬೋರೇಟಿಗೆ ನೀರೇ ದಾರಿ. ಆಗತಾನೆ ಕಡಿದ ಮರದಲ್ಲಿ ಒಣತೂಕದ ಶೇಕಡ 60ಕ್ಕೂ ಮಿಕ್ಕು ನೀರಿರುವುದುಂಟು. ಇದು ಸುಮಾರು ಶೇಕಡ 30ಕ್ಕೆ ಇಳಿದಾಗ ಕೋಶಗಳ ಪೊಳ್ಳು ಬರಿದಾಗಿ, ಉಳಿದ ನೀರು ಕೋಶಗಳ ಗೋಡೆಗಳಲ್ಲಿ ಮಾತ್ರ ಹಿಡಿದಿರುತ್ತದೆ. ಅಲ್ಲಿಂದ ಕೆಳಗೆ ವಿಸರಣವು ಕುಂಠಿತವಾಗುತ್ತ ಹೋಗುತ್ತದೆ. ಒಣಗಿಸಿ ಮನೆಗೆ ತಂದ ಮರದಲ್ಲಿ ಉಳಿಯುವುದು ಶೇಕಡ 10ರಿಂದ 15. ಅಂತಹ ಮರಕ್ಕೆ ಬಳಿದ ದ್ರಾವಣದ ನೀರು ಆರಿಹೋದೊಡನೆ, ಲವಣವು ಮೇಲ್ಮೈಯಲ್ಲೇ ನಿಂತುಬಿಡುತ್ತದೆ. ಬಡಗಿಗಳಿಗಾದರೋ ಒಣಗಿದ ಮರವೇ ಬೇಕು, ಹಸಿಮರವು ಸೊಟ್ಟಗಾಗುತ್ತದೆ. ಅವರ ಕಸುಬಿಗೆ ಸರಿಯಾದ ಹೊತ್ತು ಬೋರೇಟಿಗೆ ತಪ್ಪಿದ ಹೊತ್ತು!

ಹೊಸ ಬಾಗಿಲವಾಡಕ್ಕೆಂದು ನಮ್ಮ ಹಿತ್ತಲಿನ ಮಾವನ್ನು ಕಡಿಸಿದಾಗ ಇದನ್ನು ಪರೀಕ್ಷಿಸಲು ಅವಕಾಶವಾಯಿತು. 1 ಲೀಟರು ಬಿಸಿನೀರಿನಲ್ಲಿ 90 ಗ್ರಾಂ ಬೊರಾಕ್ಸನ್ನೂ 60 ಗ್ರಾಂ ಬೋರಿಕ್ ಆಮ್ಲವನ್ನೂ ಕರಗಿಸಿದೆವು. 2.5 ಸೆಂಟಿಮೀಟರ್ ದಪ್ಪದ ಒಂದು ಹಸಿ ತುಂಡನ್ನೂ ಅದೇ ಅಳತೆಯ ಒಂದು ಹಳೆಯ ಒಣ ತುಂಡನ್ನೂ ಅದರಲ್ಲಿ ಅದ್ದಿ ತೆಗೆದೆವು. ಹಸಿಯದನ್ನು ಆರದಂತೆ ಪಾಲಿಥೀನ್ ಹಾಳೆಯಲ್ಲಿ ಸುತ್ತಿಟ್ಟು, ಒಣಗಿದುದನ್ನು ಬಡಗಿಗಳ ವಾಡಿಕೆಯಂತೆ ಗಾಳಿಗಿಟ್ಟೆವು. ನಾಲ್ಕು ವಾರಗಳ ಮೇಲೆ ಎರಡನ್ನೂ ನಡುವೆ ಕೊಯ್ದೆವು. ಕೊಯ್ದ ಮುಖಗಳಿಗೆ ಸ್ಪಿರಿಟಿನಲ್ಲಿ ಕದಡಿದ ಅರಿಶಿನವನ್ನು ಹಚ್ಚಿ, ಅದು ಆರಿದ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಸವರಿ ಒಣಗಲು ಬಿಟ್ಟೆವು. ಒಣ ತುಂಡಿನಲ್ಲಿ ಅಂಚಿನ ಸುತ್ತ ಒಂದೆರಡು ಮಿಲಿಮೀಟರಿನಷ್ಟು ಕೆಂಪು ಗೆರೆ, ಒಳಗೆಲ್ಲ ಹಳದಿ. ಹಸಿ ತುಂಡಿನಲ್ಲಿ ಕೆಂಪು ನಡುವಿನವರೆಗೂ ಹಬ್ಬಿತ್ತು, ಆದರೆ ನಡುವೆ ತೆಳುವಾಗಿತ್ತು.

ಆಮ್ಲವನ್ನೇಕೆ ಸವರಬೇಕು? ಬೊರಾಕ್ಸು ಕ್ಷಾರಗುಣದ್ದು, ಸುಣ್ಣದಂತೆ ಅದೂ ಅರಿಶಿನವನ್ನು ಕೆಂಪಾಗಿಸುತ್ತದೆ. ಆ ಕೆಂಪು ಆಮ್ಲ ತಗುಲಿದೊಡನೆ ಮತ್ತೆ ಹಳದಿಗೆ ತಿರುಗುತ್ತದೆ. ಆದರೆ ಆಮ್ಲದ ಸಾನ್ನಿಧ್ಯದಲ್ಲಿ ಬೋರಾನು ಅರಿಶಿನದ ಬಣ್ಣದ್ರವ್ಯದೊಡನೆ ಕೂಡಿ ಉಂಟುಮಾಡುವ ಕೆಂಪು ಹಾಗೆ ಮಾಯವಾಗುವುದಿಲ್ಲ. ಅರಿಶಿನಕ್ಕೆ ಬಿಳಿಗಾರವನ್ನೂ ನಿಂಬೆರಸವನ್ನೂ ಸೇರಿಸಿ ಕುಂಕುಮ ಮಾಡುತ್ತಿದ್ದ ನಮ್ಮ ಅಜ್ಜಿಯರು ಈ ಪರೀಕ್ಷೆಯನ್ನು ಹೆಸರು ತಿಳಿಯದೆಯೇ ನಡೆಸುತ್ತಿದ್ದರು.

ಒಳಹೋದ ದಾರಿಯಲ್ಲೇ ಹೊರಬರಲೂ ಸಾಧ್ಯವೆಂಬುದನ್ನು ಮರೆಯಲಾಗದು. ಬೋರೇಟು ಮರಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲ. ಮಳೆಗೆ ಸಿಕ್ಕುವ ಬೇಲಿಯ ಗೂಟದಲ್ಲಾಗಲಿ, ಸದಾ ತೇವವಿರುವ ನೆಲದಲ್ಲಿ ಹೂತ ಕಂಬದಲ್ಲಾಗಲಿ ಅದು ಕಾಲಕ್ರಮದಲ್ಲಿ ನೀರಿನೊಡನೆ ಹೊರಟುಹೋಗುತ್ತದೆ. ಅಂತಹ ಕಡೆಗಳಿಗಾಗಿಯೇ 1933ರಲ್ಲಿ ಡೆಹರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿ ಸೋಂಟಿ ಕಾಮೇಶಂ ಅವರು ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್‌ಗಳು ಕೂಡಿದ ಆಸ್ಕು ಎಂಬ ಸಂರಕ್ಷಕವನ್ನು ಕಂಡುಹಿಡಿದರು. ಅದು ಮರದಲ್ಲಿ ನಾಟಿ ನಿಲ್ಲುವುದು ನಿಜ, ಆದರೆ ಆರ್ಸೆನಿಕ್ಕನ್ನು ಮನೆಯೊಳಕ್ಕೆ ತರಲು ನಾವು ಒಪ್ಪಲಾರೆವು. ಮಾಡಿನ ಕೆಳಗೆ, ನೆಲದಿಂದ ಮೇಲೆ ಇರುವ ಮರಕ್ಕೆ ಬೋರೇಟೇ ಲೇಸು. ಇದೂ ನಿರಪಾಯಕಾರಿಯೆಂದು ಉದಾಸೀನ ಮಾಡತಕ್ಕದ್ದಲ್ಲ. ಕೈಗವಸು ಬೇಕು, ಅಡಿಗೆಯ ಪಾತ್ರೆಗಳನ್ನು ಇದಕ್ಕೆ ಬಳಸಬಾರದು, ಮಕ್ಕಳ ಕೈಗಂತೂ ಸಿಕ್ಕಲೇಬಾರದು.

ಹಾಗಾದರೆ ಬೋರೇಟನ್ನು ಹಾಕತಕ್ಕ ಸ್ಥಳ ಮನೆಯಲ್ಲ, ಮರ ಕೊಯ್ಯುವ ಮಿಲ್ಲು. ರಬ್ಬರಿನ ಮರದಲ್ಲಿ ಇದು ನಡೆದೇ ಇದೆ. ಹಾಲು ಬತ್ತಿದ ಮರಗಳನ್ನು ಕಡಿದ ಕೆಲವೇ ದಿನಗಳಲ್ಲಿ ಹಲಗೆ ಕೊಯ್ದು, ಹಸಿಯಿರುವಾಗಲೇ ಬೋರಾನಿನ ದ್ರಾವಣದಲ್ಲಿ ಅದ್ದಿಯೋ ಒತ್ತಡದಿಂದ ತುಂಬಿಯೋ ಬಳಿಕ ಒಣಗಿಸುತ್ತಾರೆ. ಇಲ್ಲದಿದ್ದರೆ ಆ ಮರ ಬಹು ಬೇಗ ಹುಳು ಹಿಡಿಯುತ್ತದೆ. ಈಗಾಗಲೇ ಕೂರಿಸಿದ ಮರಕ್ಕೂ ಒಂದು ಉಪಾಯವಿಲ್ಲದಿಲ್ಲ. ತೇವ ತಗಲುವ ತುದಿಯಲ್ಲಿ ರಂಧ್ರ ಕೊರೆದು, ಕರಗಿಸಿ ಗಾಜಿನಂತೆ ಎರಕಹೊಯ್ದ ಬೋರೇಟಿನ ಕಡ್ಡಿಗಳನ್ನು ಇಟ್ಟು ಮುಚ್ಚುವುದುಂಟು. ಮರವು ಒಣಗಿರುವಷ್ಟು ಕಾಲ ಅವು ಸುಮ್ಮನಿರುತ್ತವೆ. ತೇವವಾದಾಗ ಕರಗಿ ಸುತ್ತಲೂ ಹಬ್ಬುತ್ತವೆ.

ನಮ್ಮ ಉಗ್ರಾಣದ ಹೊಸ ಬಾಗಿಲವಾಡಕ್ಕೆ, ಹಸಿಯಾಗಿದ್ದಾಗಲೇ ಅದ್ದಿ ಸುತ್ತಿಟ್ಟ ಮರವನ್ನು ಆಮೇಲೆ ನೆರಳಿನಲ್ಲಿ ಒಣಗಿಸಿ ಬಳಸಿದೆವು. ಅದು ದಪ್ಪ ಮರವಾದುದರಿಂದ ಹಾಳೆಯನ್ನು ಮೂರು ತಿಂಗಳು ಬಿಚ್ಚಲಿಲ್ಲ. ಉಳಿ ತಾಗಿದ ಕಚ್ಚುಗಳಿಗೂ ಕೊಯ್ದ ತುದಿಗಳಿಗೂ ಮತ್ತೊಮ್ಮೆ ದ್ರಾವಣವನ್ನು ಕುಡಿಸಿ, ಕೆಳತುದಿಯನ್ನು ನೆಲಕ್ಕೆ ಹೂಳದೆ ಕಲ್ಲುಚಪ್ಪಡಿಯ ಮೇಲೆ ನಿಲ್ಲಿಸಿದ್ದೇವೆ. ಅದರಿಂದ ಕೊಯ್ದ ಒಂದು ಚೂರಿಗೆ ಅರಿಶಿನ ಹಚ್ಚಿ ತೋರಿಸಿದಾಗ ಬಡಗಿಗಳು ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಕಡೆಗೆ ತಮ್ಮ ಚೀಲದಲ್ಲಿ ಹಾಕಿಕೊಂಡು ಹೋದರು.