ಕೆಂಪು ಶಾಯಿಯ ಆ ಒಂದು ಸಾಲು

ಒಂಟಾರಿಯೊದ ಕ್ಲೈನ್‌ಬರ್ಗ್‌ನ ನಮ್ಮವರಿಗೊಂದು ಕಿವಿಮಾತು. ನಿಮ್ಮ ಕುಟುಂಬ ವೈದ್ಯರು ಕಾಗದದ ಫೈಲು ಬಿಟ್ಟು ಕಂಪ್ಯೂಟರಿಗೆ ಹೋಗುತ್ತಿದ್ದರೆ, ಅದು ಅವರ ಕೆಲಸವೆಂದು ಸುಮ್ಮನಿರಬೇಡಿ.

ಹಳೆಯ ಫೈಲಿನ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂದು ಬರೆದಿದೆ ಎನ್ನಿ. ಸ್ಕ್ಯಾನ್ ಮಾಡಿದರೆ ಅದು ಬರೀ ಚಿತ್ರ. ಅಲರ್ಜಿಯ ಕಲಂನಲ್ಲಿ ಟೈಪ್ ಮಾಡಿದರಷ್ಟೇ ಔಷಧಿ ಬರೆಯುವಾಗ ಕಂಪ್ಯೂಟರ್ ಎಚ್ಚರಿಸೀತು.

ಮುಂದಿನ ಭೇಟಿಯಲ್ಲಿ ಅಲರ್ಜಿ, ದಿನದ ಮಾತ್ರೆಗಳು, ಲಸಿಕೆ, ಆಪರೇಷನ್ ಈ ನಾಲ್ಕನ್ನೂ ಓದಿಸಿ ಕೇಳಿ. ಅಪ್ಪ ಅಮ್ಮ ಊರಿಂದ ತಂದ ಚೀಟಿಗಳನ್ನೂ ಸೇರಿಸಲು ಹೇಳಿ. ದಾಖಲೆ ನೋಡುವ, ಪ್ರತಿ ಪಡೆಯುವ, ತಪ್ಪು ತಿದ್ದಲು ಕೋರುವ ಹಕ್ಕನ್ನು ಒಂಟಾರಿಯೊದ 2004ರ ಆರೋಗ್ಯ ಮಾಹಿತಿ ಕಾನೂನೇ ಕೊಟ್ಟಿದೆ. ಕೇಳಲು ಸಂಕೋಚ ಬೇಡ.